ನೀಲಿ ಹೂವೂ ಗೌಡಶಾನಿ ಎಂಬ ಆಡೂ

ಇವತ್ತು ಬೆಳಿಗ್ಗೆ ಎದ್ದು ಹಿತ್ತಲ ಬಾಗಿಲು ತೆರೆದರೆ ಪೂಜೆಗೆ ನೀರು ಹಿಡಿಯುವ ನಮ್ಮ ಹಿತ್ತಾಳೆಯ ಚರಗಿ ನಲ್ಲಿಕಟ್ಟೆಯ ಮೇಲೆ ತನ್ನ ಹಳೆಯ ಜಾಗದಲ್ಲಿ ಕೂತಿತ್ತು. ಬರಿದಾಗಿ ಅಲ್ಲ, ಕಂಠದವರೆಗೆ ನೀರು ತುಂಬಿಕೊಂಡು. ನಾನು ಬಾಗಿಲಲ್ಲೇ ನಿಂತುಬಿಟ್ಟೆ.

ಚರಗಿಯಲ್ಲಿ ನೀರಿದ್ದರೆ ಅದರಲ್ಲೇನು ಸೋಜಿಗ ಎಂದು ನೀವು ಕೇಳಬಹುದು. ಹೋದ ಶ್ರಾವಣದಿಂದ ಈ ಚರಗಿ ನನ್ನ ಕಣ್ಣಿಗೆ ಬಿದ್ದಿರಲಿಲ್ಲ. ನನ್ನ ಹೆಂಡತಿ ಈರವ್ವ ದಿನವೂ ಅದನ್ನು ಬಚ್ಚಿಡುತ್ತಿದ್ದಳು. ಒಮ್ಮೆ ಜೋಳದ ಡಬ್ಬಿಯೊಳಗೆ, ಒಮ್ಮೆ ಮಗ್ಗದ ಕೆಳಗಿನ ಕುಣಿಯಲ್ಲಿ, ಇನ್ನೊಮ್ಮೆ ತನ್ನ ಮದುವೆ ಸೀರೆ ಇಟ್ಟ ಟ್ರಂಕಿನಲ್ಲಿ. ಕುಡುಕ ಗಂಡನಿಂದ ಬಾಟಲಿ ಮುಚ್ಚಿಡುವ ಹೆಂಗಸರನ್ನು ನೀವು ನೋಡಿರುತ್ತೀರಿ. ನಾನು ಕುಡಿಯುವವನಲ್ಲ. ಕುಡಿಸುವವನು. ಆ ಚಟ ಹೇಗೆ ಹತ್ತಿತು, ಅದರಿಂದ ಯಾರ ಯಾರ ಮನೆ ಕೆಟ್ಟಿತು, ಎಲ್ಲವನ್ನೂ ಹೇಳಿಬಿಡುತ್ತೇನೆ. ಮುದುಕನಾದವನು ತಪ್ಪೊಪ್ಪಿಕೊಳ್ಳಲು ತಡ ಮಾಡಬಾರದು, ಕೇಳುವವರು ಎದ್ದು ಹೋಗುವ ಭಯ ಇರುತ್ತದೆ.

ನಾನು ಇಳಕಲ್ಲಿನಲ್ಲಿ ನೀರು ಬಿಡುವ ಕೆಲಸದಲ್ಲಿದ್ದವನು. ಓಣಿ ಓಣಿಗೆ ಸರದಿಯ ಪ್ರಕಾರ ವಾಲ್ವ್ ತಿರುಗಿಸುವುದು ನನ್ನ ಕೆಲಸ. ಹೆಗಲ ಮೇಲೆ ಉದ್ದನೆಯ ಕಬ್ಬಿಣದ ಚಾವಿ ಹೊತ್ತು ನಸುಕಿನಲ್ಲಿ ಬೀದಿಗೆ ಇಳಿದೆನೆಂದರೆ ದೊಡ್ಡ ದೊಡ್ಡ ಮನೆಗಳ ಯಜಮಾನರು ಹಲ್ಲುಜ್ಜುತ್ತಲೇ ಹೊರಗೆ ಬಂದು "ಕಾಕಾ, ಇವತ್ತ ನಮ್ಮ ಸರದಿ ಹೌದಲ್ರಿ?" ಎಂದು ಕೇಳುತ್ತಿದ್ದರು. ಮೊದಲು ಪೈಪಿನೊಳಗಿಂದ ಗಾಳಿ ಕೆಮ್ಮುತ್ತಿತ್ತು, ಆಮೇಲೆ ಕೆಸರು ಬಣ್ಣದ ನೀರು ಉಗುಳುತ್ತಿತ್ತು, ಆಮೇಲೆ ತಿಳಿನೀರು. ಆಗ ಓಣಿಯ ತುಂಬ ಕೊಡಗಳ ಸಪ್ಪಳ. ಇಷ್ಟು ಹೊತ್ತು ಬೈಯುತ್ತಿದ್ದ ಬಾಯಿಗಳೇ "ನಮ್ಮ ಕಾಕಾ ದೇವರಂಥಾವ" ಎನ್ನುತ್ತಿದ್ದವು. ಹೀಗೆ ವರ್ಷಾನುಗಟ್ಟಲೆ ನೋಡಿ ನೋಡಿ ನನಗೊಂದು ಗಟ್ಟಿ ನಂಬಿಕೆ ಬಂದುಬಿಟ್ಟಿತ್ತು: ಈ ಜಗತ್ತಿನ ಯಾವ ಜೀವಿಯ ಸಂಕಟವೇ ಇರಲಿ, ಒಂದಿಷ್ಟು ನೀರು ಬಿಟ್ಟರೆ ಸರಿಹೋಗುತ್ತದೆ.

ಓದಿನಲ್ಲಿ ನಾನು ಹುನಗುಂದದ ಹೈಸ್ಕೂಲು ದಾಟಿದವನಲ್ಲ. ಗಿಡಕ್ಕೆ ಬೆಳಕು, ಗಾಳಿ, ನೀರು ಬೇಕು ಎಂದು ವಿಜ್ಞಾನದ ಮಾಸ್ತರರು ಹೇಳಿದ್ದು ನೆನಪಿದೆ. ಎಷ್ಟೆಷ್ಟು ಬೇಕು ಎಂದು ಅವರು ಹೇಳಿದ ದಿನ ನಾನು ಬಹುಶಃ ಸಾಲಿ ತಪ್ಪಿಸಿ ಬಾರಿಹಣ್ಣಿಗೆ ಹೋಗಿದ್ದೆ.

ಈರವ್ವನದು ಬೇರೆ ಶಾಲೆ. ಅವಳು ಮಗ್ಗದ ಕೆಲಸದವಳು. ಇಳಕಲ್ ಸೀರೆಯಲ್ಲಿ ಮೈಯ ಎಳೆಗಳಿಗೆ ಸೆರಗಿನ ಎಳೆಗಳನ್ನು ಒಂದೊಂದಾಗಿ ಸಿಕ್ಕಿಸಿ ಕೂಡಿಸುತ್ತಾರೆ. ಅದಕ್ಕೆ ಕೊಂಡಿ ಎನ್ನುತ್ತಾರೆ. ಅವಳು ಹಾಕಿದ ಕೊಂಡಿ ಎಲ್ಲಿದೆ ಎಂದು ಬೆರಳಿಟ್ಟು ಹುಡುಕಿದರೂ ಸಿಗುತ್ತಿರಲಿಲ್ಲ. ಆ ಕೈಗಳ ಬಗ್ಗೆ ಅವಳಿಗೆ ಒಳಗೊಳಗೇ ಬಿಗುಮಾನವಿತ್ತು. ಗಿಡದ ವಿಷಯದಲ್ಲೂ ಹಾಗೆಯೇ. ಅವಳು ಮುರಿದು ಎಸೆದ ಕಡ್ಡಿಯೂ ಚಿಗುರುತ್ತದೆ ಎಂದು ಓಣಿಯ ಹೆಂಗಸರು ಆಡಿಕೊಳ್ಳುತ್ತಿದ್ದರು. ಯಾರ ಮನೆಯಲ್ಲಿ ತುಳಸಿ ಹಚ್ಚಬೇಕಾದರೂ, ಕರಿಬೇವು ಹಚ್ಚಬೇಕಾದರೂ "ಈರಕ್ಕನ ಕೈಲೆ ಹಚ್ಚಸ್ರಿ, ಕೈಗುಣಾ ಚಲೋ ಐತಿ" ಎಂದು ಕರೆಯುತ್ತಿದ್ದರು. ಅವಳೂ ಸೆರಗು ಸಿಕ್ಕಿಸಿಕೊಂಡು ದೊಡ್ಡ ಡಾಕ್ಟರರ ಗತ್ತಿನಲ್ಲಿ ಹೋಗಿ ಬರುತ್ತಿದ್ದಳು.

ಅವಳ ತವರು ಕುಳಗೇರಿ ಕ್ರಾಸಿನಿಂದ ಬಾದಾಮಿಯ ಕಡೆ ಒಳಗೆ ಹೋದರೆ ಸಿಗುವ ಒಂದು ಹಳ್ಳಿ. ಕೆಂಪು ಗರಸಿನ ನೆಲ, ಬಿಸಿಲಿಗೆ ಕಾಯ್ದ ಬಂಡೆ. ಅಂಥ ನೆಲದಲ್ಲಿ ಯಾರೂ ನೆಡದೆ, ಯಾರೂ ಕೇಳದೆ ಬೆಳೆಯುವ ಒಂದು ಗಿಡವಿದೆ. ಗಿಡ ಎಂದರೆ ಅದಕ್ಕೇ ನಗು ಬಂದೀತು. ಗೇಣೆತ್ತರವೂ ಏಳುವುದಿಲ್ಲ, ನೆಲಕ್ಕೆ ಬಿದ್ದುಕೊಂಡೇ ನಾಲ್ಕು ದಿಕ್ಕಿಗೆ ಕೈಚಾಚುತ್ತದೆ. ಎಲೆಗಳ ಮೇಲೆ ಬೆಕ್ಕಿನ ಮರಿಯ ಮೈಯಂಥ ಸಣ್ಣ ರೋಮ. ಬೆಳಿಗ್ಗೆ ಬಿಸಿಲೇರುತ್ತಿದ್ದಂತೆ ಕುಂಕುಮದ ಬೊಟ್ಟಿನಷ್ಟು ಅಗಲದ ನೀಲಿ ಹೂಗಳು ಬಿಚ್ಚಿಕೊಳ್ಳುತ್ತವೆ. ಮಧ್ಯಾಹ್ನ ಊಟಕ್ಕೆ ಕೂಡುವಷ್ಟರಲ್ಲಿ ಮುಚ್ಚಿಕೊಂಡು ಏನೂ ಆಗಿಲ್ಲವೆಂಬಂತೆ ಸುಮ್ಮನಾಗುತ್ತವೆ. ಬೇಸಿಗೆಯಲ್ಲಿ ಮೇಲಿನದೆಲ್ಲ ಒಣಗಿಹೋದರೂ ಬೇರು ಸಾಯುವುದಿಲ್ಲ, ಮಳೆ ಬಿದ್ದರೆ ಮತ್ತೆ ಎದ್ದು ಬರುತ್ತದೆ. ಪುಸ್ತಕದಲ್ಲಿ ಅದರ ಹೆಸರು ವಿಷ್ಣುಕ್ರಾಂತಿ. ಗಣೇಶನ ಹಬ್ಬಕ್ಕೆ ಅದರ ಎಲೆ ಬೇಕೆಂದು ಆಚಾರ್ಯರ ಮನೆಯವರು ಹುಡುಕಿಕೊಂಡು ಬರುತ್ತಿದ್ದರಂತೆ. ಬಸವಣ್ಣನ ಭಕ್ತರಾದ ನಮ್ಮ ಮಾವನವರು ಹೆಸರಿನ ಗೊಡವೆಗೆ ಹೋಗದೆ ದಿನಾ ಲಿಂಗಪೂಜೆಗೆ ಅದನ್ನೇ ಏರಿಸುತ್ತಿದ್ದರು. "ಹೂವಿಗೆ ಯಾರ ಹೆಸರ ಇಟ್ಟಾರ ಅಂತ ಹೂವಿಗೇ ಗೊತ್ತಿಲ್ಲ" ಎನ್ನುತ್ತಿದ್ದರು. ಈರವ್ವನಿಗಂತೂ ಅದು ಬರೀ ನೀಲಿ ಹೂ. "ಇಂಥಾ ನೀಲಿ ನೂಲಿಗೆ ಬಣ್ಣಾ ಹಾಕೋರಿಗೂ ಬರೂದಿಲ್ಲ" ಎನ್ನುವಳು.

ಎರಡು ವರ್ಷದ ಕೆಳಗೆ, ಮಳೆಗಾಲದ ಮೊದಲಿಗೆ, ತವರಿಗೆ ಹೋದವಳು ಈ ಗಿಡವನ್ನು ಬೇರುಸಮೇತ ಎಬ್ಬಿಸಿ, ಅಲ್ಲಿಯ ಗರಸಿನೊಂದಿಗೇ ಸ್ಟೀಲಿನ ಡಬ್ಬಿಯಲ್ಲಿ ಇಟ್ಟುಕೊಂಡು ಬಂದಳು. ಬಸ್ಸಿನಲ್ಲಿ ನಾನೂ ಇದ್ದೆ. ಮಡಿಲಲ್ಲಿ ಡಬ್ಬಿ ಅಪ್ಪಿಕೊಂಡು ಕೂತವಳನ್ನು ಕಂಡು ಕಂಡಕ್ಟರ್ ಚೇಷ್ಟೆ ಮಾಡಿದ.

"ಏನಬೇ ಯವ್ವಾ, ತವರಮನಿ ಉಂಡಿನೇನ? ನಮಗೂ ಒಂದು ಬರಲಿ."

"ಮಣ್ಣೈತಪಾ. ತಿಂತೀ?" ಎಂದಳು ಈರವ್ವ.

ದಾರಿಯಲ್ಲಿ ಗುಳೇದಗುಡ್ಡದಲ್ಲಿ ಇಳಿದು ಒಂದು ಚೆಂದದ ರವಿಕೆಯ ಖಣ ಕೊಂಡಳು. ಯಾರಿಗೆ ಎಂದು ಕೇಳಿದರೆ, "ಸಾವಂತ್ರಿ ಮಗಳಿಗೆ. ಇವತ್ತಲ್ಲ ನಾಳೆ ಆಕಿ ಕುಬಸಾ ಬರತೈತಿ. ಮೊದಲನೇ ಉಡಿ ನಾನ ತುಂಬಾಕಿ ಅಂತ ಮಾತ ಕೊಟ್ಟೇನಿ" ಎಂದಳು. ಸಾವಂತ್ರವ್ವ ನಮ್ಮ ಗೋಡೆಯಾಚೆಯ ನೆರೆಯವಳು. ಈರವ್ವನಿಗಿಂತ ವಯಸ್ಸಿನಲ್ಲಿ ಸಣ್ಣವಳು, ಬಾಯಲ್ಲಿ ಸರಿಸಮ. ಇಬ್ಬರೂ ಮಧ್ಯಾಹ್ನ ಒಂದೇ ಕಟ್ಟೆಯ ಮೇಲೆ ಕೂತು ಕಂಡಿಕೆಗೆ ನೂಲು ಸುತ್ತುತ್ತ ಊರನ್ನೆಲ್ಲ ಸುತ್ತಿ ಬರುತ್ತಿದ್ದರು. ನಮ್ಮ ಮನೆಯ ಪುಂಡಿಪಲ್ಯ ಗೋಡೆ ಏರಿ ಆ ಕಡೆ ಹೋಗುತ್ತಿತ್ತು, ಅಲ್ಲಿಯ ಶೇಂಗಾ ಹಿಂಡಿ ಈ ಕಡೆ ಇಳಿಯುತ್ತಿತ್ತು. ಮದುವೆಯಾದ ಮಗಳಿಗೆ ಮಕ್ಕಳಾಗಲು ತಡವಾಯಿತೆಂದು ಸಾವಂತ್ರವ್ವ ಕಣ್ಣೀರು ಹಾಕಿದಾಗ ಈರವ್ವ ಕೊಟ್ಟ ಮಾತು ಅದು; ಕುಬಸವೆಂದರೆ ನಮ್ಮ ಕಡೆಯ ಸೀಮಂತ. ಖಣ ಟ್ರಂಕಿಗೆ ಸೇರಿತು, ಗಿಡ ಹಿತ್ತಲಿಗೆ.

ಗೋಡೆಯ ಮಗ್ಗುಲಿಗೆ ಅದನ್ನು ನೆಟ್ಟು, ಸುತ್ತ ತಾನು ತಂದ ಗರಸು ಹರಡಿ, ಈರವ್ವ ನನ್ನ ಕಡೆ ತಿರುಗಿ ಒಂದೇ ಮಾತು ಹೇಳಿದಳು.

"ನೋಡ್ರಿ, ಇದಕ್ಕ ನೀರ ಹಾಕಬ್ಯಾಡ್ರಿ."

ಇದನ್ನು ನೀರಿನವನಿಗೆ ಹೇಳುವುದೇ? ನನಗೆ ಸಿಟ್ಟಲ್ಲ, ಮರುಕ ಬಂತು. ಪಾಪ, ಬಡ ನೆಲದ ಗಿಡ. ಅದಕ್ಕೆ ಹೊಟ್ಟೆ ತುಂಬ ನೀರು ಕುಡಿದು ಗೊತ್ತೇ ಇಲ್ಲ. ಕೊಟ್ಟವರೇ ಇಲ್ಲದ್ದಕ್ಕೆ ಬೇಡವೆನ್ನುವುದನ್ನು ಕಲಿತಿದೆ. ಒಮ್ಮೆ ರುಚಿ ಹತ್ತಲಿ, ಆಮೇಲೆ ನೋಡು ಹೇಗೆ ಮೇಲೇಳುತ್ತದೆ, ಮೊಣಕಾಲೆತ್ತರ ಬೆಳೆದು ಬುಟ್ಟಿಗಟ್ಟಲೆ ಹೂ ಕೊಡುತ್ತದೆ ಎಂದುಕೊಂಡೆ. ನಿವೃತ್ತನಾದರೂ ನನಗೆ ನಸುಕಿನಲ್ಲೇ ಎಚ್ಚರ. ಈರವ್ವ ಏಳುವ ಮೊದಲೇ ಒಂದು ಚರಗಿ ನೀರು ಗಿಡದ ಬುಡಕ್ಕೆ. ಸಂಜೆ ಅವಳು ಕಟ್ಟೆಗೆ ಹೋದಾಗ ಇನ್ನೊಂದು. ಹಾಕುವಾಗ ಆ ಕಡೆ ಈ ಕಡೆ ನೋಡುತ್ತಿದ್ದೆ, ಏಕೆಂದರೆ ಒಳ್ಳೆಯ ಕೆಲಸವನ್ನು ಗುಟ್ಟಾಗಿ ಮಾಡಬೇಕು.

ಮೊದಮೊದಲು ಅದು ಹೂ ಬಿಟ್ಟಿತು, ಸಾಸಿವೆಯಂಥ ಬೀಜವನ್ನೂ ಕಟ್ಟಿತು. ನಾನು ಮೀಸೆಯಡಿ ನಕ್ಕೆ. ಆಮೇಲೆ ಎಲೆ ಹಳದಿಯಾಯಿತು. ನೀರು ಸಾಲುತ್ತಿಲ್ಲ ಎಂದುಕೊಂಡು ಇನ್ನಷ್ಟು ಹಾಕಿದೆ. ಬುಡ ಕಪ್ಪಾಗಿ, ಮುಟ್ಟಿದರೆ ಕೊಳೆತ ಬದನೆಯಂತೆ ಜಾರಿತು. ಅಷ್ಟೆ.

ಈರವ್ವ ಅದರ ಮುಂದೆ ಕುಕ್ಕರಗಾಲಲ್ಲಿ ಕೂತಳು. ಬೈಯುತ್ತಾಳೆ ಎಂದು ನಾನು ತಯಾರಾಗಿ ನಿಂತಿದ್ದೆ. ಅವಳು ನನ್ನ ಕಡೆ ನೋಡಲೇ ಇಲ್ಲ. ತನ್ನ ಎರಡೂ ಅಂಗೈಗಳನ್ನು ತಿರುಗಿಸಿ ಮುರುಗಿಸಿ ನೋಡಿಕೊಂಡಳು.

"ಕೈಯಾಗಿಂದು ಹೋತು ಕಾಣ್ತೈತ್ರಿ. ವಯಸ್ಸಾತಲ್ಲ. ಮೊನ್ನೆ ಕೊಂಡೀನೂ ಎರಡ ಸಲ ತಪ್ಪೇತಿ."

ಆಗಲೇ ಹೇಳಬೇಕಿತ್ತು. ಬಾಯಿ ತೆರೆದೆ ಕೂಡ. ಬಂದದ್ದು ಆಕಳಿಕೆ.

ಮರುವಾರ ಹೊರಗೆ ಯಾರೋ ದಾಸವಾಳದ ಟೊಂಗೆ ಹಚ್ಚಲು ಕರೆದರು. "ನನ್ನ ಕೈ ಬ್ಯಾಡವಾ, ನೀವ ಹಚ್ಚಿಕೊಳ್ರಿ" ಎಂದು ಈರವ್ವ ಬಾಗಿಲಲ್ಲೇ ಹೇಳಿ ಕಳಿಸಿದಳು. ಕೊಳೆತ ಗಿಡವನ್ನು ನಾನು ಮೆಲ್ಲಗೆ ಕಿತ್ತು, ಸಾಕ್ಷಿ ಇರಬಾರದೆಂದು ಗೋಡೆಯಾಚೆ ಎಸೆದೆ. ಅಲ್ಲಿ ಸಾವಂತ್ರವ್ವನ ಹಿತ್ತಲಲ್ಲಿ ಮನೆ ಕಟ್ಟಿದಾಗ ಉಳಿದ ಖಡಿಕಲ್ಲಿನ ಗುಡ್ಡೆ ಬಿದ್ದಿತ್ತು. ನಮ್ಮೂರಲ್ಲಿ ಕಲ್ಲಿಗೇನು ಬರ!

ದಸರೆಗೆ ಅವಳನ್ನು ಸಮಾಧಾನ ಮಾಡಲು ನಾನೇ ತವರಿಗೆ ಕರೆದೊಯ್ದೆ. ಇನ್ನೊಂದು ಗಿಡ ಬಂತು. ಈ ಸಲ ನೀರಿನ ಜೊತೆಗೆ ಗೊಬ್ಬರವೂ ಬೇಕು ಎಂದು ನನ್ನ ಹೈಸ್ಕೂಲಿನ ಬುದ್ಧಿಗೆ ಹೊಳೆಯಿತು. ಕುರಿಗೊಬ್ಬರ ತಂದು ಮಣ್ಣಿನಡಿ ಹೂತೆ, ಮೇಲೆ ಚರಗಿ ಬಗ್ಗಿಸಿದೆ. ಬಾಣಂತಿಯನ್ನು ನೋಡಿಕೊಂಡ ಹಾಗೆ ನೋಡಿಕೊಂಡೆ. ಮೊದಲನೆಯದಕ್ಕಿಂತ ಬೇಗ ಸತ್ತಿತು. ನಸುಕಿನಲ್ಲಿ ಅದನ್ನೂ ಕಿತ್ತು ಗೋಡೆಯಾಚೆ ಹಾಕಿ, ಏನೂ ಅರಿಯದವನಂತೆ ಚಹಾ ಕುಡಿಯುತ್ತ ಕೂತೆ.

ಈರವ್ವ ಹಿತ್ತಲಿಂದ ಕೂಗಿದಳು. "ಎಲ್ಲಿ ಹೋತ್ರಿ ಗಿಡಾ?"

ನಾನು ಹೋಗಿ ನೋಡಿದೆ. ಬರಿದಾದ ಕುಣಿ. ಅದರ ಮುಂದೆ ನಿಂತ ಅವಳು ಮತ್ತೆ ಅಂಗೈ ಮೇಲೆತ್ತಲು ಹೊರಟಿದ್ದಳು. ಅದನ್ನು ಎರಡನೆಯ ಸಲ ನೋಡುವ ಧೈರ್ಯ ನನಗಿರಲಿಲ್ಲ. ಸರಿಯಾಗಿ ಅದೇ ಹೊತ್ತಿಗೆ ಗೋಡೆಯಾಚೆ ಸಾವಂತ್ರವ್ವನ ಆಡು 'ಮ್ಯಾ' ಎಂದಿತು.

"ಆಡು" ಎಂದೆ.

ಒಂದೇ ಶಬ್ದ. ಆದರೆ ಆಡಿನ ಮೇಲೆ ಇಂಥ ಮಾತು ಬಂದರೆ ಯಾರೂ ಸಾಕ್ಷಿ ಕೇಳುವುದಿಲ್ಲ ನೋಡಿ, ಅದರ ಕುಲದ ಹೆಸರೇ ಹಾಗೆ ಕೆಟ್ಟಿದೆ. ಈರವ್ವನ ಕೈಗಳು ಕೆಳಗಿಳಿದವು. ಮುಖಕ್ಕೆ ಜೀವ ಬಂತು. ನನ್ನ ಎದೆ ಹಗುರಾಯಿತು. ಎಷ್ಟು ಸುಲಭವಿತ್ತು ಅನಿಸಿತು. ಅವಳು ಬಟ್ಟೆ ಒಗೆಯುವ ಕಲ್ಲನ್ನು ಏರಿ ಗೋಡೆಯ ಮೇಲಿಂದ ಮುಖ ಹಾಕಿದಳು.

"ಸಾವಂತ್ರೀ! ನಿನ್ನ ಆಡಿಗೆ ಹಗ್ಗ ಇಲ್ಲೇನ?"

"ಯಾಕಕ್ಕಾ, ಏನಾತು?"

"ಏನಾತು ಅಂತ ಅದನ್ನ ಕೇಳು. ನನ್ನ ತವರಮನಿ ಗಿಡಾ ನುಂಗಿ, ಹ್ಯಾಂಗ ನಿಂತೈತಿ ನೋಡು ಗರತಿಯಂಗ!"

ಆ ಆಡಿನ ಹೆಸರು ಗೌಡಶಾನಿ. ತಲೆಯೆತ್ತಿ, ಯಾರಿಗೂ ದಾರಿ ಬಿಡದೆ ನಡೆಯುತ್ತದೆಂದು ಸಾವಂತ್ರವ್ವನೇ ಇಟ್ಟ ಹೆಸರು.

"ನಮ್ಮ ಗೌಡಶಾನಿ ಗೋಡಿ ಹಾರೂದಿಲ್ಲಕ್ಕಾ. ಅದಕ್ಕ ಮೊಣಕಾಲ ನೋವೈತಿ."

"ಮೊಣಕಾಲ ನೋವು ನನಗೈತಿ, ಅದಕ್ಕಲ್ಲ!"

"ಹಾರಿದ್ದ ಯಾರ ನೋಡ್ಯಾರ?"

"ನಮ್ಮ ಮನ್ಯಾಗಿನವರು ನೋಡ್ಯಾರ."

ಇಬ್ಬರೂ ನನ್ನತ್ತ ತಿರುಗಿದರು. ಗೌಡಶಾನಿಯೂ ಗೋಡೆಯ ಬುಡದ ಕಿಂಡಿಯಿಂದ ನನ್ನನ್ನೇ ನೋಡುತ್ತಿತ್ತು. ನಾನು ಆಕಾಶದ ಕಡೆ ಮುಖ ಮಾಡಿ, ಮಳೆ ಬರುವ ಲಕ್ಷಣವಿದೆಯೇ ಎಂದು ಪರೀಕ್ಷಿಸುವವನಂತೆ, ತಲೆಯಾಡಿಸಿದೆ.

ಅವತ್ತಿನಿಂದ ಗೋಡೆ ನಿಜವಾದ ಗೋಡೆಯಾಯಿತು. ಪುಂಡಿಪಲ್ಯ ಏರಲಿಲ್ಲ, ಶೇಂಗಾ ಹಿಂಡಿ ಇಳಿಯಲಿಲ್ಲ. ಸಾವಂತ್ರವ್ವ ಆಡನ್ನು ಖಡಿಯ ಗುಡ್ಡೆಯ ಹತ್ತಿರ ಗೂಟಕ್ಕೆ ಗಿಡ್ಡ ಹಗ್ಗದಿಂದ ಕಟ್ಟಿದಳು. ಮಾತೆಲ್ಲ ಈಗ ಆಡಿನ ಮೂಲಕ.

"ತಿನ್ನ ಗೌಡಶಾನಿ, ಹೊಟ್ಟಿ ತುಂಬ ತಿನ್ನು. ಮತ್ತೊಬ್ಬರ ಮನ್ಯಾಗಿನ ಬಂಗಾರದ ಗಿಡಾ ಮೂಸಿ ನೋಡಬ್ಯಾಡಾ" ಎಂದು ಆ ಕಡೆಯಿಂದ.

ನನಗೆ ಚಹಾ ಕೊಡುತ್ತ ಈರವ್ವ ಈ ಕಡೆಯಿಂದ, ಗೋಡೆಗೆ ಕೇಳುವಷ್ಟು ಜೋರಾಗಿ: "ಕೆಲವರು ಆಡ ಸಾಕ್ತಾರ, ಕೆಲವರನ್ನ ಆಡ ಸಾಕ್ತಾವು!"

ಹೊರಗಿನವರಿಗೆ ಇದು ತಮಾಷೆ. ಮೊದಲು ನನಗೂ ತಮಾಷೆಯೇ. ಆದರೆ ಈರವ್ವ ಮಧ್ಯಾಹ್ನ ಒಬ್ಬಳೇ ಕಂಡಿಕೆ ಸುತ್ತಲು ಕೂತಾಗ ನೂಲು ಪದೇ ಪದೇ ಕಡಿಯುತ್ತಿತ್ತು. ಏನಾದರೂ ನಗುವಂಥದ್ದು ನೆನಪಾದರೆ ಥಟ್ಟನೆ ಗೋಡೆಯ ಕಡೆ ತಿರುಗಿ, ಬಾಯಿ ತೆರೆದು, ಮತ್ತೆ ಮುಚ್ಚಿಕೊಳ್ಳುತ್ತಿದ್ದಳು. ನಾನು ಪಾಪ ತೀರಿಸಲೆಂದು ಬಾಳೆಹಣ್ಣಿನ ಸಿಪ್ಪೆ, ಸೌತೆಯ ತುಂಡು ಕಿಂಡಿಯಿಂದ ಗೌಡಶಾನಿಗೆ ದಾಟಿಸತೊಡಗಿದೆ. ಒಮ್ಮೆ ಸಿಕ್ಕಿಬಿದ್ದೆ.

"ಆ ಕಳ್ಳಿಗೆ ಯಾಕ ಹಾಕ್ತೀರಿ?"

"ಹಸದೈತಿ ಪಾಪ."

"ನನ್ನ ಗಿಡಾ ತಿಂದದ್ದು ಕರಗಿತೇನ ಇಷ್ಟರಾಗ?"

ಆಡು ಸಿಪ್ಪೆ ಅಗಿಯುತ್ತಾ ನನ್ನನ್ನು ನೋಡುತ್ತಿತ್ತು. ನೀವು ಎಂದಾದರೂ ಆಡಿನ ಕಣ್ಣನ್ನು ಹತ್ತಿರದಿಂದ ನೋಡಿದ್ದೀರಾ? ಕಣ್ಣಿನ ಪಾಪೆ ಅಡ್ಡಕ್ಕಿರುತ್ತದೆ. ಯಾವ ಕಡೆ ಸರಿದರೂ ತಪ್ಪಿಸಿಕೊಂಡ ಹಾಗೆ ಆಗುವುದಿಲ್ಲ.

ಇನ್ನೊಂದು ಗಿಡ ತಂದುಬಿಡೋಣ, ಈ ಸಲ ಮುಟ್ಟುವುದೇ ಬೇಡ ಎಂದು ಬೇಸಿಗೆಯಲ್ಲಿ ಈರವ್ವನ ತಮ್ಮನಿಗೆ ಫೋನು ಮಾಡಿದೆ. "ಎಲ್ಲಿ ಗಿಡ ಮಾವ? ಟ್ರ್ಯಾಕ್ಟರ್ ನಿಲ್ಲಸಾಕಂತ ಅಂಗಳಕ್ಕೆಲ್ಲಾ ಫರಸಿ ಹಾಸಿಸೇನಿ. ಭಾಳ ಚಂದ ಆಗೇತಿ, ಬಂದ ನೋಡ್ರಿ" ಎಂದು ಹೆಮ್ಮೆಯಿಂದ ಹೇಳಿದ. ಗುಡ್ಡದ ಕಡೆ ಹುಡುಕಿದರೆ ಬೇರೆ ಸಿಕ್ಕೀತು. ಆದರೆ ಈರವ್ವನ ಅಪ್ಪ ಪೂಜೆಗೆ ಬಿಡಿಸುತ್ತಿದ್ದ, ಅವಳ ಅವ್ವ ಅಂಗಳ ಸಾರಿಸುವಾಗ ಸುತ್ತು ಬಳಸಿ ಸಾರಿಸುತ್ತಿದ್ದ ಆ ಗಿಡ ಫರಸಿ ಕಲ್ಲಿನ ಕೆಳಗೆ ಹೋಗಿತ್ತು. ಈ ಸುದ್ದಿಯನ್ನೂ ನಾನು ಅವಳಿಗೆ ಹೇಳಲಿಲ್ಲ. ಅವಳ ತಮ್ಮನೇ ಹೇಳಿದ. ರೊಟ್ಟಿ ಬಡಿಯುವ ಸಪ್ಪಳ ಅವತ್ತು ಸ್ವಲ್ಪ ಜೋರಾಗಿತ್ತು.

ಆ ಹೊತ್ತಿಗೇ ಸಾವಂತ್ರವ್ವನ ಮಗಳು ಬಸಿರಾದಳು. ಓಣಿಯೆಲ್ಲ ಸಂಭ್ರಮ. ನಮ್ಮ ಮನೆಗೆ ಸುದ್ದಿ ಹಾಲು ಹಾಕುವವನಿಂದ ಬಂತು. ಈರವ್ವ ಟ್ರಂಕು ತೆರೆದು ಖಣ ಹೊರತೆಗೆದಳು, ಮಡಿಕೆ ಬಿಚ್ಚಿದಳು, ಮತ್ತೆ ಅದೇ ಮಡಿಕೆಗೆ ಮಡಚಿ ಒಳಗಿಟ್ಟಳು. "ಕರದ್ರ ಹೋಗ್ತೀ?" ಎಂದೆ. "ಕರೀಬೇಕಲ್ಲ" ಎಂದಳು.

ಆಷಾಢದ ಮಳೆ ನಾಲ್ಕು ಸಲ ಹೊಯ್ದು ಹೋಯಿತು. ಶ್ರಾವಣ ಹಿಡಿದು ಒಂದು ಬೆಳಿಗ್ಗೆ, ಬಿಸಿಲು ಏರಿದ ಹೊತ್ತಿನಲ್ಲಿ, ಈರವ್ವ ಹಾಸಿಗೆ ಒಣಗಿಸಲು ಒಗೆಯುವ ಕಲ್ಲು ಏರಿದವಳು ಅಲ್ಲಿಯೇ ನಿಂತುಬಿಟ್ಟಳು.

"ಬರ್ರಿ ಇಲ್ಲೆ" ಎಂದಳು. ದನಿ ಸಣ್ಣದಾಗಿತ್ತು. ನಾನೂ ಕಲ್ಲು ಏರಿದೆ.

ಸಾವಂತ್ರವ್ವನ ಖಡಿಯ ಗುಡ್ಡೆಯ ಮೇಲೆ ಯಾರೋ ನೀಲಿ ಸೀರೆಯ ತುಂಡು ಒಣಹಾಕಿದಂತಿತ್ತು. ಎಲ್ಲ ನಮ್ಮ ಹೂವು. ನಾನು ಎಸೆದ ಗಿಡದ ಬೀಜವೋ, ಕೊಳೆಯದೆ ಉಳಿದ ಬೇರೋ, ಆ ಬರಡು ಕಲ್ಲಿನಲ್ಲಿ, ಯಾರೂ ಒಂದು ಹನಿ ಹಾಕದ ಜಾಗದಲ್ಲಿ, ನೆಲಕ್ಕೆ ಅಂಟಿಕೊಂಡು ಹರಡಿ ನಗುತ್ತಿತ್ತು. ಮಗ್ಗುಲಲ್ಲೇ ಗೂಟಕ್ಕೆ ಕಟ್ಟಿದ ಗೌಡಶಾನಿ. ನಾವು ನೋಡುತ್ತಿದ್ದಂತೆಯೇ ಅದು ಹೂವನ್ನು ಮೂಸಿತು, ಸೀನಿತು, ಮುಖ ತಿರುಗಿಸಿ ಒಣ ಮೇವಿಗೆ ಬಾಯಿ ಹಾಕಿತು.

ಈರವ್ವನ ಮುಖ ಕೆಂಪೇರಿತು. ಅವಳಿಗೆ ಎಲ್ಲ ಅರ್ಥವಾಗಿತ್ತು, ಪೂರಾ ತಪ್ಪಾಗಿ.

"ಆಡು ತಿಂತಂತ, ಆಡು! ಎರಡ ಕಾಲಿನ ಆಡು ಕಿತ್ತಕೊಂಡ ಹೋಗೇತಿ! ನನ್ನ ಅವ್ವನ ಅಂಗಳದ ಹೂ ಕದ್ದ ತನ್ನ ಹಿತ್ತಲಾಗ ಬೆಳಿಸ್ಯಾಳ. ಇವತ್ತ ಓಣಿ ಮುಂದ ಆಕಿ ಮಾನಾ ಕಳಿತೇನಿ. ಖಣಾ ಅಂತ ಖಣಾ! ಒಲಿಗೆ ಹಾಕ್ತೇನಿ ಅದನ್ನ."

ಅವಳ ಸದ್ದಿಗೆ ಸಾವಂತ್ರವ್ವ ಹಿಟ್ಟಿನ ಕೈಯಲ್ಲೇ ಹೊರಗೆ ಬಂದಳು. ಹಿಂದೆ, ಬಾಗಿಲಿಗೆ ಒರಗಿ, ಬಸುರಿ ಮಗಳು. ಈರವ್ವ ಕಳ್ಳಿ ಎನ್ನಲು ಉಸಿರು ಎಳೆದುಕೊಂಡಳು. ಆ ಶಬ್ದ ಒಮ್ಮೆ ಹೊರಬಿದ್ದರೆ ಗೋಡೆ ಇನ್ನು ಯಾರಿಂದಲೂ ಇಳಿಯುವುದಿಲ್ಲ ಎಂದು ನನಗೆ ಗೊತ್ತಿತ್ತು. ಅಷ್ಟು ವರ್ಷ ವಾಲ್ವ್ ತಿರುಗಿಸಿದವನಿಗೆ ಒತ್ತಡಕ್ಕೆ ಪೈಪು ಯಾವಾಗ ಒಡೆಯುತ್ತದೆ ಎಂದು ತಿಳಿಯುವುದಿಲ್ಲವೇ?

"ಈರವ್ವ" ಎಂದೆ.

ಅವಳು ಉಸಿರು ಹಿಡಿದಲ್ಲೇ ನಿಂತಳು. ಮದುವೆಯಾದಾಗಿನಿಂದ ನಾನು ಅವಳ ಹೆಸರು ಹಿಡಿದು ಕರೆದವನಲ್ಲ. ನಮ್ಮ ಕಡೆ ಕರೆಯುವುದಿಲ್ಲ. "ಏ ಇಕಿ" ಅಥವಾ "ಕೇಳಿತೇನ" ಅಷ್ಟೆ. ಸಾವಂತ್ರವ್ವನೂ ಬೆರಗಾಗಿ ಹಿಟ್ಟಿನ ಕೈ ಗಲ್ಲಕ್ಕಿಟ್ಟುಕೊಂಡಳು.

"ಆಡು ತಿಂದಿಲ್ಲ."

"ಗೊತ್ತಾತಲ್ರಿ. ಈಕಿ ಕದ್ದಾಳ."

"ಈಕಿನೂ ಕದ್ದಿಲ್ಲ."

"ಮತ್ತ?"

"ನಾ ಕೊಂದೇನಿ. ಎರಡನ್ನೂ. ಕೊಂದು ಗೋಡಿ ಆಚೆ ಒಗದೇನಿ."

ಈರವ್ವ ಕೋರ್ಟಿನಲ್ಲಿ ಕೇಳುವವರಂತೆ ಕೇಳಿದಳು.

"ನೀರ ಹಾಕಿದ್ರಿ?"

"ಹೂಂ."

"ಎಷ್ಟು?"

"ಒಂದ ಚರಗಿ."

"ಒಂದ?"

"ದಿನಾ ಒಂದ."

"ಖರೆ ಹೇಳ್ರಿ."

"ಸಂಜಿಗೂ ಒಂದ."

ಬಾಗಿಲಲ್ಲಿದ್ದ ಬಸುರಿ ಹುಡುಗಿ ಕಿಸಕ್ಕನೆ ನಕ್ಕಳು. ಸಾವಂತ್ರವ್ವ ನಗಲಿಲ್ಲ. ಈರವ್ವನೂ ನಗಲಿಲ್ಲ. ಅವಳು ನಿಧಾನವಾಗಿ ತನ್ನ ಅಂಗೈಗಳನ್ನು ಮೇಲಕ್ಕೆತ್ತಿ ನೋಡಿದಳು, ಆಮೇಲೆ ಹಿಂಗೈ, ಮತ್ತೆ ಅಂಗೈ. ಬೆರಳುಗಳನ್ನು ಒಂದೊಂದಾಗಿ ಮಡಚಿ ಬಿಚ್ಚಿದಳು.

"ಹಂಗಾದ್ರ ನನ್ನ ಕೈಗೇನೂ ಆಗಿಲ್ಲ" ಎಂದಳು. ನನಗಲ್ಲ, ಕೈಗಳಿಗೇ ಹೇಳಿಕೊಂಡ ಹಾಗೆ.

ಅವಳು ನನ್ನನ್ನು ಬೈದಿದ್ದರೆ ಎಷ್ಟು ಚೆನ್ನಾಗಿತ್ತು! ಬೈಯಲಿಲ್ಲ.

ಬೈಯುವ ಕೆಲಸವನ್ನು ಸಾವಂತ್ರವ್ವ ವಹಿಸಿಕೊಂಡಳು. "ಅಣ್ಣಾರ, ನನ್ನ ಆಡಿಗೆ ಕಳ್ಳಿ ಅನಸಿದ್ರಿ. ಬಾಯಿಲ್ಲದ ಜೀವಾ. ಗಿಡ್ಡ ಹಗ್ಗದಾಗ ಕಟ್ಟಸಿದ್ರಿ. ಈಗ ನಾ ಕೊಂದೇನಿ ಅಂದ್ರ ಮುಗೀತೇನ್ರಿ?"

"ತಪ್ಪಾತು ತಂಗಿ."

"ನನಗ ಯಾಕ ಹೇಳ್ತೀರಿ? ನನ್ನನ್ನ ಕಟ್ಟಿದ್ದೇನ? ಅದಕ್ಕ ಹೇಳ್ರಿ."

ಅದಕ್ಕೇ ಹೇಳಬೇಕಾಯಿತು. ಹಿಂದಿನ ಸಂದಿಯಿಂದ ಸುತ್ತಿಬಂದು, ಖಡಿಯ ಮೇಲೆ ಕಾಲು ಜಾರುತ್ತ, ಒಂದು ಕಾಲದಲ್ಲಿ ಊರಿನ ಯಜಮಾನರಿಂದ ನಮಸ್ಕಾರ ಮಾಡಿಸಿಕೊಂಡ ನಾನು ಒಂದು ಆಡಿನ ಮುಂದೆ ನಿಂತು ಕೈ ಜೋಡಿಸಿದೆ. "ನಿಂದೇನೂ ತಪ್ಪಿಲ್ಲವಾ ಗೌಡಶಾನಿ, ನಾ ಸುಳ್ಳ ಹೇಳಿದ್ದೆ" ಎಂದೆ. ಅದು ಅಡ್ಡ ಕಣ್ಣಿನಿಂದ ನನ್ನನ್ನು ಪೂರ್ತಿ ನೋಡಿ, ಹೆಗಲಿನಿಂದ ಜೋತುಬಿದ್ದ ನನ್ನ ಟವೆಲಿನ ಚುಂಗನ್ನು ಬಾಯಿಗೆ ಹಾಕಿಕೊಂಡಿತು. ನಾನು ಎಳೆದೆ, ಅದೂ ಎಳೆಯಿತು. ಆಗ ಮೊದಲು ನಕ್ಕವಳು ಸಾವಂತ್ರವ್ವ. ಗೋಡೆಯ ಮೇಲಿಂದ ಈರವ್ವ. ಇಬ್ಬರ ನಗುವೂ ಬಹಳ ದಿನದ ಮೇಲೆ ಒಂದೇ ಕಡೆ ಕೂಡಿತು. ನಗುತ್ತಲೇ ಈರವ್ವ ಕಣ್ಣೊರೆಸಿಕೊಂಡು ಕೇಳಿದಳು.

"ಸಾವಂತ್ರೀ, ಕುಬಸಾ ಎಂದ ಇಟ್ಕೊಂಡೀ?"

ಸಾವಂತ್ರವ್ವ ಕೈಗಂಟಿದ ಹಿಟ್ಟು ಉಜ್ಜಿಕೊಳ್ಳುತ್ತ, "ಇಟ್ಟೇ ಇಲ್ಲಕ್ಕಾ. ಮೊದಲನೇ ಉಡಿ ಯಾರ ಕೈಲೆ ತುಂಬಸಬೇಕು ಅಂತ ಗೊತ್ತಾಗವಲ್ದಾಗಿತ್ತು" ಎಂದಳು.

ಗುಳೇದಗುಡ್ಡದ ಖಣ ಆ ಹುಡುಗಿಯ ಮೈಗೆ ಬಹಳ ಒಪ್ಪಿತು. ಅವತ್ತು ಈರವ್ವ ಅವಳ ಮುಡಿಗೆ ಮಲ್ಲಿಗೆಯ ನಡುವೆ ನಾಲ್ಕು ನೀಲಿ ಹೂ ಸಿಕ್ಕಿಸಿದ್ದಳು. ಊಟದ ಹೊತ್ತಿಗೆ ಅವು ಮುಚ್ಚಿಕೊಂಡವು, ಯಾರೂ ಗಮನಿಸಲಿಲ್ಲ. ದಾಸವಾಳದವರು ಮತ್ತೆ ಬಂದು ಕರೆದುಕೊಂಡು ಹೋದರು. ನನಗೆ ಆದ ಶಿಕ್ಷೆ ಎರಡು: ಗೌಡಶಾನಿಗೆ ದಿನವೂ ಮೇವು ತರುವುದು, ಮತ್ತು ಚರಗಿಯ ಮುಖ ನೋಡದಿರುವುದು.

ಗೋಡೆಯಾಚೆಯ ಗಿಡವನ್ನು ಕಿತ್ತು ತರೋಣವೇ ಎಂದು ಸಾವಂತ್ರವ್ವ ಕೇಳಿದ್ದಳು. "ಬ್ಯಾಡ, ಅಲ್ಲೇ ಇರಲಿ. ಇಲ್ಲಿ ನೀರಿನವರದಾರ" ಎಂದಳು ಈರವ್ವ. ಆದರೆ ನೆಲಕ್ಕೆ ಬಿದ್ದು ಬೆಳೆಯುವುದಕ್ಕೆ ಗೋಡೆಯ ಲೆಕ್ಕವೇನು? ಈ ಮಳೆಗಾಲಕ್ಕೆ ಅದೇ, ಸಿಪ್ಪೆ ದಾಟಿಸುತ್ತಿದ್ದ ಕಿಂಡಿಯಿಂದ ನುಸುಳಿ, ನಮ್ಮ ಹಿತ್ತಲಿನ ಗರಸಿಗೆ ಬಂದು ಬೇರೂರಿತು. ಮೊನ್ನೆ ಮೊದಲ ಹೂ ಬಿಟ್ಟಿತು.

ಮತ್ತೆ ಇವತ್ತು ಈ ಚರಗಿ.

ನಾನು ಅದನ್ನು ಕೈಗೆತ್ತಿಕೊಂಡೆ. ಅಡಿಗೆಮನೆಯಲ್ಲಿ ರೊಟ್ಟಿ ಬಡಿಯುವ ಸಪ್ಪಳ ನಿಂತಿತು. ಗೋಡೆಯಾಚೆ ಸಾವಂತ್ರವ್ವನ ಕಸಬರಿಗೆಯೂ ನಿಂತಿತು. ಗಿಡದ ಮುಂದೆ ಹೋಗಿ ನಿಂತೆ. ಹೂಗಳು ಈಗಷ್ಟೆ ಬಿಚ್ಚುತ್ತಿದ್ದವು. ಎಲೆಯ ರೋಮದ ಮೇಲೆ ಧೂಳು. ಬಾಯಾರಿದಂತೆ ಕಂಡಿತು. ದೇವರಾಣೆ, ಬಾಯಾರಿದಂತೆಯೇ ಕಂಡಿತು. ನನ್ನ ಮಣಿಕಟ್ಟು ತಾನಾಗಿ ಬಾಗತೊಡಗಿತು. ಹಳೆಯ ಕೈ, ಅದಕ್ಕೆ ಬೇರೇನು ಗೊತ್ತು?

ಕಿಂಡಿಯಲ್ಲಿ ಅಡ್ಡ ಕಣ್ಣೊಂದು ಕಾಣಿಸಿತು. ನಾನು ಅಲ್ಲೇ ಕೂತು, ಚರಗಿಯನ್ನು ಕಿಂಡಿಗೆ ಹಿಡಿದು ಓರೆ ಮಾಡಿದೆ. ಗೌಡಶಾನಿ ಮೂತಿ ತೂರಿಸಿ ಕುಡಿಯಿತು, ಗಟಗಟನೆ, ತಳದ ಹನಿಯವರೆಗೆ. ನಿಜವಾಗಿ ಬಾಯಾರಿದವರು ಹೇಗೆ ಕುಡಿಯುತ್ತಾರೆ ಎಂದು ಹತ್ತಿರದಿಂದ ನೋಡಿದೆ.

"ಅಯ್ಯ ನಿಮ್ಮ!" ಈರವ್ವ ಹಿಟ್ಟಿನ ಕೈಯಲ್ಲೇ ಓಡಿಬಂದಳು. "ಪೂಜಿಗೆ ಹಿಡಿಯೋ ಚರಗಿರೀ ಅದು! ಆಡಿನ ಬಾಯಿ ಹಚ್ಚಿದವರ ಯಾರು?"

ಗೌಡಶಾನಿ ಮೂತಿ ಹಿಂದಕ್ಕೆ ಎಳೆದುಕೊಂಡು ಎಂದಿನಂತೆ 'ಮ್ಯಾ' ಎಂದಿತು.

"ನಾನ" ಎಂದೆ, ಅವಳು ಆಡಿನ ಕಡೆ ತಿರುಗುವ ಮೊದಲೇ.